ಪೂಜೆಗಿಟ್ಟ ಕಂಪ್ಯೂಟರ್

ಪರದೆಯ ಮೇಲೆ ಚಿಮ್ಮಿದ ಕಳ್ಳ ಅಪ್‌ಡೇಟಿಗೆ ಅಜ್ಜಿ ‘ಯೆಸ್’ ಒತ್ತಿದ್ದರಿಂದ ವೈರಸ್ ಹೊಕ್ಕಿತು, ತೀರಿಹೋದ ಅಮ್ಮನ ದನಿಯಿದ್ದ ಒಂದೇ ರೆಕಾರ್ಡಿಂಗ್ ಅಳಿಸಿಹೋಯಿತು ಎನ್ನುತ್ತಾರೆ ನಮ್ಮವರು. ನಾನಿದನ್ನು ಒಪ್ಪುವುದಿಲ್ಲ. ಬಿಸಿಯಲ್ಲಿ ಒಣಗುವ ಗಂಧದ ವಾಸನೆ ಬಂದರೆ ಟಿ. ನಗರದ ಮನೆಯ ಆ ಮಧ್ಯಾಹ್ನ ಈಗಲೂ ಎದುರು ನಿಲ್ಲುತ್ತದೆ.

ಅಂದು ಸರಸ್ವತಿ ಪೂಜೆ. ಅಜ್ಜಿ ಮಾನಿಟರಿಗೆ ಗಂಧ ಹಚ್ಚಿ, “ನಾಳೆವರೆಗೂ ಯಾರೂ ಮುಟ್ಟಬಾರದು ಕಣ್ಣಾ, ಪೆನ್ಸಿಲ್ ಕೂಡ!” ಎಂದು ನನ್ನ ಕೈ ತಳ್ಳಿದ್ದರು. ಊಟದ ನಂತರ ನಾವಿಬ್ಬರೂ ಪಾತ್ರೆ ಒರೆಸುತ್ತಿದ್ದಾಗ ಮುಚ್ಚಿದ ಕೋಣೆಯೊಳಗೆ ಅಮ್ಮ ನಗುವುದು ಕೇಳಿಸಿತು. ನಗು ನಡುವೆಯೇ ನಿಂತುಹೋಯಿತು.

ಓಡಿಹೋಗಿ ಬಾಗಿಲು ತೆರೆದೆ. ಕಪ್ಪಾದ ಪರದೆಯೆದುರು ಅಪ್ಪ ಒಬ್ಬರೇ ಕುಳಿತಿದ್ದರು.

“ನಿಮ್ಮಜ್ಜಿ ಇವಾಗ್ತಾನೆ ಏನೋ ಅಪ್‌ಡೇಟ್ ಒತ್ತಿಬಿಟ್ರು. ಎಲ್ಲಾ ಪೋಚು, ಅಳಿಸಿಹೋಯ್ತು.”

ನನ್ನ ಹಿಂದೆಯೇ ಬಂದಿದ್ದ ಅಜ್ಜಿ ಅಪ್ಪನ ಮುಖ ನೋಡಿದರು. “ಹೌದು ಕಣ್ಣಾ, ನಾನೇ.”

ಅಜ್ಜೀ, ನನ್ನ ಪಕ್ಕದಲ್ಲೇ ಇದ್ದವರು ನೀವು. ಆ ಮೌಸ್ ಮುಟ್ಟಿದ್ದು ಯಾವಾಗ?