ಹೆಸರಿಲ್ಲದ ದೋಣಿ

"ಇದನ್ನ ಕಟ್ಟಿದ್ಯಾರು, ಮುದುಕಪ್ಪ?" ಎಂದ ನೌಕಾಪಡೆಯ ಅಧಿಕಾರಿ. ಅರ್ಧ ಮುಳುಗಿ ಸಾಗುವ ಆ ಕಳ್ಳಸಾಗಣೆಯ ದೋಣಿ, ಒಳಗೊಬ್ಬರೂ ಇಲ್ಲದೆ, ನೀರು ತುಂಬಿಕೊಂಡು ಕಡಲಲ್ಲಿ ಸಿಕ್ಕಿತ್ತು. ಈಗ ತುಮಾಕೊ ಊರಿನ ಕಡಲತೀರದ ಮರಳಿನ ಮೇಲೆ ಬಿದ್ದಿತ್ತು. ಸುಡಲು ಡೀಸೆಲ್ ಕ್ಯಾನು ಬಂದಾಗಿತ್ತು. "ಹೆಸರಿಲ್ಲ, ನಂಬರಿಲ್ಲ, ಬಾವುಟ ಇಲ್ಲ. ಮಾಲು ಸಿಗದಿದ್ರೂ ಕಟ್ಟಿದೋನಿಗೆ ಜೈಲೇ. ಕಾನೂನು ಗೊತ್ತು ತಾನೇ?"

"ಯಾರು ಕಟ್ಟಿದ್ರೋ ನಂಗೊತ್ತಿಲ್ಲ ಸಾಹೇಬ್ರೆ," ಎಂದ ದೋಣಿ ಬಡಗಿ ತೆಯೋಫಿಲೊ. ಪಕ್ಕದಲ್ಲಿದ್ದ ಮಗಳು ದಮಾರಿಸ್ ಅಪ್ಪನ ಮುಖ ನೋಡಿದಳು. ಅವನು ಅವಳತ್ತ ತಿರುಗಲಿಲ್ಲ. ಸೀಗಡಿ ಹಿಡಿಯುತ್ತೇನೆಂದು ಹೋದ ಅವಳ ಗಂಡ ಅರ್ಸೇನಿಯೊ ಹುಣ್ಣಿಮೆ ಕಳೆದರೂ ಬಂದಿರಲಿಲ್ಲ. ಕೇಳಿದಾಗಲೆಲ್ಲ "ಬರ್ತಾನೆ ಬಿಡೇ" ಎನ್ನುತ್ತಿದ್ದ ಅಪ್ಪ, ಇತ್ತೀಚೆಗೆ ಅದನ್ನೂ ಅನ್ನುತ್ತಿರಲಿಲ್ಲ.

ತೆಯೋಫಿಲೊ ಯಾವ ದೋಣಿ ಕಟ್ಟಿದರೂ ಮೂತಿಯ ಒಳಮರದಲ್ಲಿ, ಅದನ್ನು ನಡೆಸುವವನ ಹೆಂಡತಿಯ ಹೆಸರನ್ನು ಉಳಿಯಿಂದ ಕೊರೆಯುತ್ತಿದ್ದ. ಗಂಡನನ್ನು ದಡಕ್ಕೆ ಕರೆತರುವುದು ಆ ಹೆಸರೇ ಎಂದು ಅವನ ನಂಬಿಕೆ. ದಮಾರಿಸ್ ತಲೆಯ ಮೇಲಿದ್ದ ಮೀನಿನ ಬುಟ್ಟಿ ಇಳಿಸಿ, ಮೂತಿಯ ಕಿಂಡಿಯೊಳಗೆ ತೋಳು ತೂರಿಸಿದಳು. ಬಣ್ಣದಡಿ ಒಂದೊಂದೇ ಅಕ್ಷರ ಬೆರಳಿಗೆ ಸಿಕ್ಕಿತು. ಅವಳದೇ ಹೆಸರು.

"ಏಯ್, ಏನ್ ಹುಡುಕ್ತಿದ್ದೀಯಾ? ಏನಾದ್ರೂ ಬರ್ದಿದ್ಯಾ ಅಲ್ಲಿ?" ಅಧಿಕಾರಿ ಗದರಿದ.

ಅವಳು ಅಪ್ಪನತ್ತ ನೋಡಿದಳು. ಉಳಿ ಹಿಡಿದು ಜಡ್ಡುಗಟ್ಟಿದ ಕೈಯನ್ನು ಅವನು ಬೆನ್ನ ಹಿಂದೆ ಮರೆಮಾಡಿಕೊಂಡ. ಅವಳು ಮೆಲ್ಲಗೆ ತೋಳು ಹೊರಗೆಳೆದುಕೊಂಡಳು.

"ಏನಿಲ್ಲ ಸಾಹೇಬ್ರೆ," ಎಂದಳು. "ಹೆಸರಿಲ್ಲದ ದೋಣಿ. ಸುಟ್ಬಿಡಿ."