ಮಾಳಿಗೆಯ ಮೇಲಿನ ನೆರಳು

ಬೇಸಿಗೆಯಲ್ಲಿ ಹೊತ್ತುಗಟ್ಟಲೆ ಒಂದೇ ಕಡೆ ಕೂತವರ ನೆರಳು ನೆಲಕ್ಕೆ ಅಂಟಿಕೊಂಡು, ಅವರು ಎದ್ದು ಹೋದಮೇಲೂ ಅಲ್ಲೇ ಉಳಿಯುತ್ತಿತ್ತು. ಮೊದಲ ಮಳೆಗೆ ತೊಳೆದುಹೋಗುತ್ತಿತ್ತು. ಕಟ್ಟೆಯ ಮೇಲೆ ಇಸ್ಪೀಟಾಡಿದವರ ನೆರಳುಗಳನ್ನು ದಾಟಿಕೊಂಡೇ ಓಣಿಯವರು ನೀರು ತರುತ್ತಿದ್ದರು.

ಗಿರಿಜವ್ವನ ಮಾಳಿಗೆಯ ಮೇಲೆ ಈ ಸಲ ಹಪ್ಪಳ ಲಟ್ಟಿಸಿದ ಓಣಿಯ ಹೆಂಗಸರ ನೆರಳುಗಳೆಲ್ಲ ಇದ್ದವು. ಅಂಚಿನಲ್ಲಿ ಕೈ ಎತ್ತಿಕೊಂಡಿದ್ದದ್ದು ಅವಳ ನೆಗೆಣ್ಣಿ, ಮೈದುನನ ಹೆಂಡತಿ ಚನಬಸವ್ವನದು. ಕಾಗೆಗಳ ಕಾಟಕ್ಕೆ ಎತ್ತಿದ ಕೈ ಇಳಿಸದೆ, ಎಲ್ಲರನ್ನೂ ನಗಿಸುತ್ತ ಇಡೀ ಮಧ್ಯಾಹ್ನ ಕೂತಿದ್ದಳು. ಮರುವಾರವೇ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಗಿರಿಜವ್ವ ದಿನಾ ಆ ನೆರಳಿನ ಪಕ್ಕ ಕೂತೇ ಊಟ ಮಾಡುತ್ತಿದ್ದಳು.

ಇವತ್ತು ಮೋಡ ಕಪ್ಪಾಯಿತು. ಪಕ್ಕದ ಮನೆಯ ಮೆಹಬೂಬಿ ತಾಡಪತ್ರಿ ಹೊತ್ತು ಓಡಿಬಂದಳು. ಇಬ್ಬರೂ ಅದನ್ನು ಚನಬಸವ್ವನ ನೆರಳಿನ ಮೇಲೆ ಹರವಿ, ಮೂಲೆಗೆ ಕಲ್ಲಿಟ್ಟು, ಸುತ್ತ ಗೋಣಿಚೀಲ ಒತ್ತಿದರು. ಮಳೆ ಧೋ ಎಂದು ಸುರಿಯಿತು. ಸ್ವಲ್ಪ ಹೊತ್ತಿಗೆ ತಾಡಪತ್ರಿಯ ಅಡಿಯಿಂದ ಮಸಿಬಣ್ಣದ ನೀರು ಹರಿದುಬಂತು.

“ಇನ್ನೆರಡ ದಿನಾ ತಡದಿದ್ರ ನಿನ್ನ ಗಂಟೇನ್ ಹೋಗತಿತ್ತು?” ಗಿರಿಜವ್ವ ಮುಗಿಲಿಗೆ ಬೈದಳು.

“ಬಿಡ್ರಿ ಅಕ್ಕಾ,” ಅಂದಳು ಮೆಹಬೂಬಿ. “ಮಳಿಗೆ ಅಡ್ಡ ನಿಲ್ಲಾಕ ಯಾರಿಂದ ಆಕ್ಕೈತಿ? ಬ್ಯಾಸಗಿ ಪೂರ್ತಿ ನಮ್ಮ ಜೋಡಿ ಕುಂತ್ಲಲ್ಲ, ಅದ ನಮ್ಮ ಪುಣ್ಯಾ.”

“ಹೌದವಾ, ಪುಣ್ಯಾನ.”

ಗಿರಿಜವ್ವ ತಾಡಪತ್ರಿ ಸರಿಸಿದಳು. ನೆಲ ಬೋಳಾಗಿತ್ತು. ಮಳೆಯಲ್ಲೇ ಆ ಜಾಗದಲ್ಲಿ ಕೂತು, ಚನಬಸವ್ವನ ಹಾಗೆಯೇ ಕೈ ಎತ್ತಿ, ನೆಲದ ಕಡೆ ನೋಡಿದಳು. ಬಿಸಿಲಿರಲಿಲ್ಲ. ಅವಳ ನೆರಳೂ ಬೀಳಲಿಲ್ಲ.