ಬೆಣ್ಣೆ ಕೇಳುವ ಮಾತ್ರೆ

ಮಾತ್ರೆಗಳು ಹೊಟ್ಟೆಯೊಳಗಿಂದ ಮಾತಾಡಲು ಶುರುಮಾಡಿದರೆ ರೋಗಿಗಳು ಸುಧಾರಿಸುತ್ತಾರೆಂದು ಡಾಕ್ಟರುಗಳು ನಂಬಿದ್ದರು. ಪಾಪ, ಅವರಿಗೆ ದಾವಣಗೆರೆಯ ಗುರುಶಾಂತಪ್ಪನವರ ಪರಿಚಯವಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಗುರುಶಾಂತಪ್ಪ ತಮ್ಮ ಕತ್ತಿನ ಗಡ್ಡೆಗೆ ಡಾಕ್ಟರು ಕೊಟ್ಟ ಮಾತ್ರೆಯನ್ನು ನುಂಗಿ ಪೂಜೆಗೆ ಕೂತರು. ಸ್ವಲ್ಪ ಹೊತ್ತಿಗೆ ಹೊಟ್ಟೆಯಿಂದ ದನಿ ಬಂತು. "ಮಾನ್ಯರೇ, ನಾನು ಬರೀ ನೀರಿನಲ್ಲಿ ಕರಗುವುದಿಲ್ಲ. ಕರಗದೆ ರಕ್ತಕ್ಕೆ ಸೇರುವುದಿಲ್ಲ. ದಯವಿಟ್ಟು ಬೆಣ್ಣೆ ಹಾಕಿದ ತಿಂಡಿ ಕಳುಹಿಸಿ."

"ಹಗಲು ಉಪವಾಸ ಐತಿ," ಎಂದರು ಗುರುಶಾಂತಪ್ಪ, ವಿಭೂತಿ ಹಚ್ಚಿಕೊಳ್ಳುತ್ತಾ.

ಹೆಂಡತಿ ಗೌರಮ್ಮ ಬೆಣ್ಣೆ ದೋಸೆಯ ತಟ್ಟೆ ತಂದಿಟ್ಟರು. "ಈ ತಿಂಗಳು ಒಂದು ಮಾತ್ರೆನೂ ಕರಗಿಲ್ಲ. ಗಡ್ಡೆ ಮಾತ್ರ ಬೆಳೀತಾ ಐತಿ. ಎರಡು ತುತ್ತು ತಿನ್ರಿ."

"ಉಪವಾಸ ಯಾತಕ್ಕೆ ಎಂದು ಕೇಳಬಹುದೇ?" ಎಂದಿತು ಮಾತ್ರೆ.

"ಔಷಧಿ ನಾಟ್ಲಿ ಅಂತ ಹರಕೆ ಹೊತ್ತೀನಿ."

ಮಾತ್ರೆ, "ಹಾಗಾದರೆ ನಾನು ಬಂದ ಹಾಗೇ ಹೊರಡುತ್ತೇನೆ," ಎಂದಿತು.

"ನೋಡಿದ್ಯಾ, ಇನ್ನೂ ನಾಟಿಲ್ಲ," ಎಂದು ಗುರುಶಾಂತಪ್ಪ ಹೆಂಡತಿಯ ಕಡೆ ತಿರುಗಿದರು. "ನಾಳೆಯಿಂದ ರಾತ್ರಿ ಊಟನೂ ಬಿಡ್ತೀನಿ."

ಗೌರಮ್ಮ ತಟ್ಟೆ ಎತ್ತಿಕೊಂಡು ಗಂಡನ ಹೊಟ್ಟೆಯ ಕಡೆ ಬಾಗಿದರು.

"ನಿನಗಾದ್ರೂ ಹೊರಗೆ ಹೋಗಾಕೆ ದಾರಿ ಐತಪ್ಪಾ. ನಾನೆಲ್ಲಿಗೆ ಹೋಗ್ಲಿ?"